.223, .22-250, .204, ಸ್ವಿಫ್ಟ್: ಅಂಗಡಿ ತೋಟಾ ನಂಬಿದವನಿಗೆ ಯಾವುದು?

ಬನಶಂಕರಿಯಲ್ಲಿರುವ ಅಕ್ಕನ ಮಗ ಕೆಲಸದ ಮೇಲೆ ಸ್ಯಾನ್ ಆಂಟೋನಿಯೊಗೆ ಹೊರಟಿದ್ದಾನೆ. ಇಲ್ಲಿನ ರೇಂಜಿನಲ್ಲಿ .22 ಹಿಡಿದು ಐವತ್ತು ಮೀಟರಿಗೆ ಗುರಿ ಹೊಡೆದು ಪಳಗಿದ ಹುಡುಗ. "ಮಾವ, ಅಲ್ಲಿ ಕೊಯೋಟಿ ಹೊಡೆಯೋಕೆ ಯಾವ ಕ್ಯಾಲಿಬರ್ ತಗೊಳ್ಳಲಿ?" ಅಂತ ಕೇಳಿದ. ಕೊಯೋಟಿ ಅಂದರೆ ಅಲ್ಲಿನ ನರಿ-ತೋಳಗಳ ಬಳಗದ ಕಾಡುಪ್ರಾಣಿ, ಕ್ಯಾಲಿಬರ್ ಅಂದರೆ ಇಲ್ಲಿ ರೈಫಲ್ಲಿಗೆ ಹಾಕುವ ತೋಟಾದ ಬಗೆ. ನಾನು ಟೆಕ್ಸಾಸ್‌ನಲ್ಲಿದ್ದಾಗ .223, .22-250, .204 ಮತ್ತು ಸ್ವಿಫ್ಟ್, ಈ ನಾಲ್ಕೂ ಬಗೆಯ ರೈಫಲ್ ಹೊಡೆದು ನೋಡಿದ್ದೇನೆ. ಎರಡು ನನ್ನವು, ಇನ್ನೆರಡು ಪಕ್ಕದ ಬೀದಿಯಲ್ಲಿದ್ದ ದಾವಣಗೆರೆಯ ಗೆಳೆಯನವು. ಮನೆಯಲ್ಲಿ ಕೂತು ತಾವೇ ಮದ್ದು ಅಳೆದು ತೋಟಾ ಕಟ್ಟಿಕೊಳ್ಳುವವರು ಅಲ್ಲಿ ಬಹಳ. ನಮ್ಮಿಬ್ಬರಿಗೂ ಅಷ್ಟು ವ್ಯವಧಾನ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕ ಡಬ್ಬಿಯೇ ಗತಿ. ಮುಂದೆ ಹೇಳುವುದೆಲ್ಲ ಆ ಲೆಕ್ಕದಲ್ಲೇ.

ಮೊದಲು ಕಾನೂನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿಯ ಕತೆ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಟೆಕ್ಸಾಸ್‌ನಲ್ಲಿ ಕೊಯೋಟಿಗೆ ಸೀಸನ್ ಅಂತಿಲ್ಲ. ಆದರೆ ಹಂಟಿಂಗ್ ಲೈಸೆನ್ಸ್ ಬೇಕು, ಜಮೀನಿನವರ ಒಪ್ಪಿಗೆಯೂ ಬೇಕು. ತಾತ್ಕಾಲಿಕ ವೀಸಾದಲ್ಲಿ ಹೋದವರು ಸಾಮಾನ್ಯವಾಗಿ ಆ ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತೆಯೇ ಇಲ್ಲ, ಅದು ಅಲ್ಲಿನ ಫೆಡರಲ್ ಕಾನೂನು. ರೈಫಲ್ ನೋಡುವ ಮುಂಚೆ ಲೈಸೆನ್ಸ್ ಮಾಡಿಸಿಕೊಳ್ಳಬೇಕು.

ಸ್ವಿಫ್ಟ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಅದರ ಮೇಲೆ. .220 ಸ್ವಿಫ್ಟನ್ನು ವಿಂಚೆಸ್ಟರ್ 1935ರಲ್ಲಿ ತಂದಿತು. ಗುಂಡಿನ ತೂಕ 48 ಗ್ರೇನ್, ಅಂದರೆ ಸುಮಾರು ಮೂರು ಗ್ರಾಂ; ವೇಗ ಸೆಕೆಂಡಿಗೆ 4,110 ಅಡಿ. ರೇಂಜಿನ .22 ಸಾವಿರದ ಚಿಲ್ಲರೆ ಅಡಿಯಲ್ಲಿ ಓಡುತ್ತದೆ ಅಂದರೆ ಅಂದಾಜು ಸಿಗುತ್ತದೆ. ಗೆಳೆಯನ ಹತ್ತಿರ ಇದ್ದ ಸ್ವಿಫ್ಟ್ ನೋಡಲೂ ಚೆಂದ, ಹೊಡೆಯಲೂ ಚೆಂದ. ಆದರೆ ತೋಟಾ? ಊರಿನ ಅಂಗಡಿಗಳನ್ನೆಲ್ಲ ಸುತ್ತಿದರೆ ಎಲ್ಲೋ ಒಂದು ಕಡೆ ಮೇಲಿನ ಶೆಲ್ಫಿನಲ್ಲಿ ಧೂಳು ಹಿಡಿದ ಒಂದೆರಡು ಡಬ್ಬಿ. ಅದೂ 55 ಗ್ರೇನ್ ಆಗಿದ್ದರೆ ವೇಗದಲ್ಲಿ .22-250ಕ್ಕೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಆ ಪ್ರಸಿದ್ಧ ನಾಲ್ಕು ಸಾವಿರ ಬೇಕಾದರೆ ಹಗುರ ಗುಂಡು ಹುಡುಕಬೇಕು, ಇಲ್ಲವೇ ಸ್ವಂತ ತುಂಬಿಕೊಳ್ಳಬೇಕು. ನಳಿಗೆ ಬೇಗ ಸವೆಯುತ್ತದೆ ಎಂಬ ಹಳೆಯ ದೂರು ಅರ್ಧ ನಿಜ. ಬಿಸಿಯಾದ ಮೇಲೂ ಒಂದರ ಹಿಂದೊಂದು ಹೊಡೆದರೆ ಯಾವ ನಳಿಗೆ ತಾನೇ ಉಳಿದೀತು? ಮದ್ದು ಕಟ್ಟುವವನಿಗೆ ಸ್ವಿಫ್ಟ್ ಹಬ್ಬ, ನಮ್ಮಂಥವರಿಗೆ ಉಪವಾಸ.

.22-250 ನನ್ನದಾಗಿತ್ತು. 1915ರ .250 ಸ್ಯಾವೇಜ್ ತೋಟಾದ ಕುತ್ತಿಗೆಯನ್ನು ಕಿರಿದು ಮಾಡಿ ಹವ್ಯಾಸಿಗಳು ಎಷ್ಟೋ ವರ್ಷ ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದದ್ದನ್ನು 1965ರಲ್ಲಿ ರೆಮಿಂಗ್ಟನ್ ಅಧಿಕೃತ ಮಾಡಿತು. 55 ಗ್ರೇನ್ ಗುಂಡು ಸೆಕೆಂಡಿಗೆ 3,680 ಅಡಿ. ಅಷ್ಟೇ ತೂಕದ ಗುಂಡನ್ನು .223 ಓಡಿಸುವುದು 3,240ಕ್ಕೆ. ಈ ನಾನೂರು ಚಿಲ್ಲರೆ ಅಡಿ ಎಲ್ಲಿ ಕಾಣುತ್ತದೆ ಅಂದರೆ 300 ಗಜದಲ್ಲಿ. ಕಂಠೀರವದ ನೂರು ಮೀಟರ್ ಓಟದ ನೇರ ಹಾದಿಯನ್ನು ಮೂರು ಸಲ ಜೋಡಿಸಿದರೆ ಆಗುವುದಕ್ಕಿಂತ ತುಸು ಕಡಿಮೆ ದೂರ ಅದು. 200 ಗಜಕ್ಕೆ ಸ್ಕೋಪ್ ಹೊಂದಿಸಿಕೊಂಡರೆ 300ರಲ್ಲಿ .223 ಸುಮಾರು ಆರು ಅಂಗುಲ ಕೆಳಗೆ ಬೀಳುತ್ತದೆ, .22-250 ನಾಲ್ಕೂವರೆ. ನನಗೆ ಆ ಒಂದೂವರೆ ಅಂಗುಲದಿಂದ ಏನೂ ಆಗಬೇಕಿರಲಿಲ್ಲ. ಗಾಳಿಯದ್ದು ಬೇರೆ ಮಾತು. ಪಕ್ಕದಿಂದ ಗಂಟೆಗೆ ಹತ್ತು ಮೈಲಿ ಗಾಳಿ ಬೀಸಿದರೆ ಅದೇ ದೂರದಲ್ಲಿ .223 ಒಂಬತ್ತು ಅಂಗುಲದ ಹತ್ತಿರ ತಳ್ಳಿಸಿಕೊಳ್ಳುತ್ತದೆ, .22-250 ಏಳೂವರೆ. ದೂರವನ್ನು ರೇಂಜ್ ಫೈಂಡರ್ ಹೇಳುತ್ತದೆ, ಗಾಳಿಯನ್ನು ಹೇಳುವವರು ಯಾರು?

.22-250ರ ಕಾಟವೂ ಇದೆ. ಸದ್ದು ಜೋರು. ಒಂದು ತೋಟಾಕ್ಕೆ ಮೂವತ್ತೈದು ಗ್ರೇನ್ ಆಸುಪಾಸು ಮದ್ದು ಸುಡುವುದರಿಂದ ನಳಿಗೆ ಬೇಗ ಕಾಯುತ್ತದೆ. ಹಳೆಯ ರೈಫಲ್‌ಗಳಲ್ಲಿ ಗುಂಡನ್ನು ಗಿರಗಿರ ತಿರುಗಿಸುವ ನಳಿಗೆಯ ಒಳಸುತ್ತು, ಅಂದರೆ ತಿರುವು, ಹದಿನಾಲ್ಕು ಅಂಗುಲಕ್ಕೆ ಒಂದು. ಅಷ್ಟು ನಿಧಾನ ತಿರುವಿಗೆ 55 ಗ್ರೇನ್ ಚೆನ್ನ. 60 ದಾಟಿದ ಉದ್ದ ಗುಂಡು ಹಾಕಿದರೆ ಗುರಿ ಹಾಳೆಯಲ್ಲಿ ತೂತು ದುಂಡಗೆ ಬೀಳದೆ ಉದ್ದುದ್ದ ಬೀಳುತ್ತದೆ, ಅಂದರೆ ಗುಂಡು ಓಲಾಡುತ್ತ ಹೋಗಿದೆ. ಡಬ್ಬಿಯ ಮೇಲಿನ ವೇಗ ಓದುವ ಮೊದಲು ನಳಿಗೆಯ ಮೇಲಿನ ತಿರುವಿನ ಅಂಕಿ ಓದಬೇಕು.

.204 ರೂಗರ್ ಇವುಗಳಲ್ಲಿ ಕಿರಿಯ, 2004ರದ್ದು, ಬಂದೂಕಿನ ಕಂಪನಿ ರೂಗರ್ ಮತ್ತು ತೋಟಾ ಕಂಪನಿ ಹಾರ್ನಡಿ ಸೇರಿ ಮಾಡಿದ್ದು. 32 ಗ್ರೇನ್ ಗುಂಡಿಗೆ 4,225 ಅಡಿ ಅಂತ ಜಾಹೀರಾತು. ನನಗೆ ಇಷ್ಟವಾದದ್ದು 40 ಗ್ರೇನಿನ 3,900. ಗಾಳಿಯಲ್ಲಿ .22-250ಕ್ಕಿಂತಲೂ ಒಂದು ಅಂಗುಲ ಕಡಿಮೆಯೇ ಜರುಗುತ್ತದೆ. ಆದರೆ ಈ ರೈಫಲ್ ಮನಸ್ಸು ಕದಿಯುವುದು ಅದರಿಂದಲ್ಲ, ಹಿಂದೊದೆತ ಇಲ್ಲದಿರುವುದರಿಂದ. ಟ್ರಿಗರ್ ಒತ್ತಿದ ಮೇಲೂ ಕೊಯೋಟಿ ಸ್ಕೋಪಿನೊಳಗೇ ಇರುತ್ತದೆ. ಗುಂಡು ತಗುಲಿದ್ದು, ತುಪ್ಪಳ ಅದುರಿದ್ದು, ಕಾಲು ಮಡಿಸಿ ಕೂತದ್ದು, ಎಲ್ಲ ಕಾಣುತ್ತದೆ. .22-250ದಲ್ಲಿ ಅಷ್ಟರೊಳಗೆ ಸ್ಕೋಪಿನಲ್ಲಿ ಬರೀ ಆಕಾಶ. .204ರಲ್ಲಿ ಗುರಿ ತಪ್ಪಿದರೂ ಎಡಕ್ಕೋ ಬಲಕ್ಕೋ ಅಂತ ಮಣ್ಣು ಹಾರಿದ್ದನ್ನು ನೋಡಿಯೇ ತಿಳಿಯಬಹುದು. ಒಬ್ಬನೇ ಹೋಗುವವನಿಗೆ ಇದು ದೊಡ್ಡ ಅನುಕೂಲ.

ಕಿರಿಕಿರಿ ಏನೆಂದರೆ ನಳಿಗೆ ಒರೆಸುವ .22ರ ಸಲಾಕೆ ಇದರ ನಳಿಗೆಯೊಳಗೆ ಹೋಗುವುದಿಲ್ಲ. ತೆಳುವಾದ ಸಲಾಕೆ, ಬ್ರಷ್ಷು, ಚಿಂದಿ ಎಲ್ಲ ಬೇರೆ ಕೊಳ್ಳಬೇಕು. ತೋಟಾ ಸ್ವಿಫ್ಟ್‌ನಷ್ಟು ಅಪರೂಪವಲ್ಲ, ಆದರೂ ಎರಡು ಮೂರು ಬಗೆಗಿಂತ ಹೆಚ್ಚು ಕಂಡದ್ದಿಲ್ಲ. ನಿಮ್ಮ ರೈಫಲ್‌ಗೆ ಒಗ್ಗಿದ ಬಗೆಯೇ ಆ ವಾರ ಖಾಲಿಯಾಗಿದ್ದರೆ ಶನಿವಾರ ಮನೆಯಲ್ಲೇ.

ಉಳಿದದ್ದು .223. 1964ರದ್ದು, ಅಮೆರಿಕದ ಸೇನೆಯ 5.56 ತೋಟಾದ ಒಡಹುಟ್ಟು. ಅದರ ಬಗ್ಗೆ ಬೆರಗಿನಿಂದ ಮಾತಾಡುವವರು ಯಾರೂ ಇಲ್ಲ. ಆದರೆ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅಗ್ಗದ ಡಬ್ಬಿಯಿಂದ ಅಭ್ಯಾಸ, ಒಳ್ಳೆಯ ಡಬ್ಬಿಯಿಂದ ಶಿಕಾರಿ. ಎಂಟು ಅಂಗುಲಕ್ಕೊಂದು ತಿರುವಿನ ನಳಿಗೆಯಾದರೆ 55ರಿಂದ 77 ಗ್ರೇನ್‌ವರೆಗೂ ನುಂಗುತ್ತದೆ. ಒಂದು ಎಚ್ಚರ: .223 ಎಂದು ಕೆತ್ತಿದ ನಳಿಗೆಗೆ 5.56ರ ತೋಟಾ ಹಾಕಬಾರದು. ಕೂರುತ್ತದೆ, ಆದರೆ ಒತ್ತಡ ಮಿತಿ ಮೀರಬಹುದು.

ಹಾಗಾಗಿ ಹುಡುಗನಿಗೆ ಹೇಳಿದ್ದು: .223 ತಗೋ, ಎಂಟರ ತಿರುವಿನದು. ವರ್ಷವಿಡೀ ಹೊಡೆ, 250 ಗಜ ದಾಟಬೇಡ. ಅಲ್ಲಿಯ ಬಯಲು ಗಾಳಿ ನಿಜಕ್ಕೂ ಸತಾಯಿಸಿದರೆ ಆಮೇಲೆ .22-250 ನೋಡೋಣ. ಗೆಳೆಯ ಇದನ್ನು ಒಪ್ಪುವುದಿಲ್ಲ, ಅವನ ಪ್ರಕಾರ .204 ಬಿಟ್ಟರೆ ಉಳಿದದ್ದೆಲ್ಲ ಕಬ್ಬಿಣ.

ಟೆಕ್ಸಾಸ್‌ನ ಗುಡ್ಡಗಾಡಿನಲ್ಲಿ ಬಂಡೀಪುರದ ರಸ್ತೆ ಬದಿಯಲ್ಲಿ ಕಾಣುವ ಅದೇ ಚುಕ್ಕೆ ಜಿಂಕೆ ಹಿಂಡುಹಿಂಡಾಗಿ ಎದುರಾಗುತ್ತದೆ. 1932ರಲ್ಲಿ ಅಲ್ಲಿಗೆ ಒಯ್ದು ಬಿಟ್ಟವುಗಳ ಸಂತತಿ. ಅದನ್ನು ಹೊಡೆಯಲು ಅಲ್ಲಿ ಅಡ್ಡಿಯಿಲ್ಲ, ಆದರೆ ಈ ತೋಟಾಗಳಿಂದ ಬೇಡ. ಕೊಯೋಟಿಗೆಂದು ಮಾಡಿದ ತೆಳು ಗುಂಡು ಭುಜದ ಮೂಳೆಗೆ ಬಡಿದು ಅಲ್ಲೇ ಪುಡಿಯಾಗುತ್ತದೆ. ಪ್ರಾಣಿ ಗಾಯದಿಂದ ಓಡಿ ಎಲ್ಲೋ ನರಳಿ ಸಾಯುತ್ತದೆ.

ಡಬ್ಬಿ ಕೊಳ್ಳುವಾಗ ಲಾಟ್ ನಂಬರ್ (ಒಂದೇ ಸಲ ತಯಾರಾದ ಕಂತಿನ ಸಂಖ್ಯೆ) ನೋಡಿ ಒಂದೇ ಲಾಟಿನ ನಾಲ್ಕೈದು ತೆಗೆದಿಡುವುದು ಮೇಲು. ರಜೆಗೆ ಬೆಂಗಳೂರಿಗೆ ಬರುವಾಗ ಶಿಕಾರಿಗೆ ಹೊತ್ತೊಯ್ದ ಚೀಲವನ್ನು ತರಲೇಬೇಡಿ, ಜಾಕೆಟ್ಟಿನ ಜೇಬುಗಳನ್ನೂ ತಿರುವಿ ನೋಡಿ. ಮರೆತು ಉಳಿದ ಒಂದೇ ಒಂದು ಜೀವಂತ ತೋಟಾ ಕೆಂಪೇಗೌಡ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು, ವಕೀಲರು, ಕೋರ್ಟಿಗೆ ಅಲೆದಾಟ.