ಸೂರ್ಯಕಾಂತಿ ಪಟ್ಟಿ ಕೊರಳಿಗಿದ್ದರೆ ವಿಮಾನ ನಿಲ್ದಾಣ ಎಷ್ಟು ಸಲೀಸು?

ಹಸಿರು ಪಟ್ಟಿ, ಅದರ ಮೇಲೆ ಹಳದಿ ಸೂರ್ಯಕಾಂತಿ ಹೂಗಳು. ಕೊರಳಿಗೆ ಹಾಕಿಕೊಂಡರೆ ಆಫೀಸಿನ ಐಡಿ ಕಾರ್ಡಿನ ದಾರದ ಹಾಗೇ ಕಾಣುತ್ತದೆ. ‘ಇವರಿಗೆ ಹೊರಗೆ ಕಾಣಿಸದ ತೊಂದರೆ ಇದೆ, ಸ್ವಲ್ಪ ತಾಳ್ಮೆ ಬೇಕು, ಸ್ವಲ್ಪ ಸಮಯ ಬೇಕು’ ಅನ್ನುವುದನ್ನು ಬಾಯಿಬಿಟ್ಟು ಹೇಳದೆಯೇ ಸಿಬ್ಬಂದಿಗೆ ಮುಟ್ಟಿಸುವುದು ಅದರ ಕೆಲಸ. 2016ರಲ್ಲಿ ಇಂಗ್ಲೆಂಡಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದ ಈ ಏರ್ಪಾಡು ಈಗ ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಸೇರಿದಂತೆ ಇನ್ನೂರಕ್ಕೂ ಹೆಚ್ಚು ನಿಲ್ದಾಣಗಳಲ್ಲಿದೆ. ಆಟಿಸಂ ಇರುವ ಮಕ್ಕಳು, ಗದ್ದಲ ಮತ್ತು ಝಗಝಗ ಬೆಳಕು ತಡೆಯಲಾಗದ ದೊಡ್ಡವರು, ಮರೆವಿನ ಕಾಯಿಲೆ ಇರುವ ಹಿರಿಯರು, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಯೋಜನೆಯ ಮೂಲ ರೀತಿಯಲ್ಲಿ ಡಾಕ್ಟರ ಚೀಟಿ ಕೇಳುವುದಿಲ್ಲ; ನಮಗೆ ಬೇಕು ಅಂದರೆ ಸಾಕು.

ಸೇವೆಯಾಗಿ ನೋಡಿದರೆ ಇದಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಪಟ್ಟಿಯಲ್ಲಿ ದೋಷವಿಲ್ಲ. ಅದೊಂದನ್ನೇ ನಂಬಿ ಹೊರಟರೆ ಮಾತ್ರ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ವಿಮಾನ ನಿಲ್ದಾಣ ಹೊರಗಿನಿಂದ ಒಂದೇ ಮನೆಯಂತೆ ಕಂಡರೂ ಒಳಗೆ ಯಜಮಾನರು ಹಲವರು. ಕಟ್ಟಡ, ಶೌಚಾಲಯ, ಸಹಾಯ ಕೌಂಟರ್ ನಿಲ್ದಾಣ ನಡೆಸುವ ಕಂಪನಿಯದು. ಚೆಕ್-ಇನ್, ಬೋರ್ಡಿಂಗ್ ಗೇಟ್, ವಿಮಾನದ ಸೀಟು ಏರ್‌ಲೈನಿನದು. ಬಾಗಿಲಲ್ಲಿ ಟಿಕೆಟ್ ನೋಡುವವರು, ಮೈ ತಡವಿ ತಪಾಸಣೆ ಮಾಡುವವರು ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್. ವಿದೇಶಕ್ಕೆ ಹೊರಟಿದ್ದರೆ ಇಮಿಗ್ರೇಷನ್ ಮತ್ತೊಂದು ಇಲಾಖೆ. ಪಟ್ಟಿ ಕೊಡುವುದು ಸಾಮಾನ್ಯವಾಗಿ ಇವರಲ್ಲಿ ಮೊದಲಿನವರು. ಉಳಿದವರ ಕಂಪ್ಯೂಟರಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಎದುರು ನಿಂತಾಗ ಕಣ್ಣಿಗೆ ಬಿದ್ದರೆ ಉಂಟು.

ಹಾಗಾಗಿ ಪಟ್ಟಿಗಿಂತ ಮೊದಲು ಆಗಬೇಕಾದದ್ದು ಟಿಕೆಟ್ಟಿನ ಕೆಲಸ. ಏರ್‌ಲೈನ್‌ಗಳ ಬುಕಿಂಗ್ ವ್ಯವಸ್ಥೆಯಲ್ಲಿ ವಿಶೇಷ ನೆರವಿಗೆಂದು ನಾಲ್ಕಕ್ಷರದ ಕೋಡ್‌ಗಳಿವೆ. ಬೌದ್ಧಿಕ ಅಥವಾ ಬೆಳವಣಿಗೆಯ ತೊಂದರೆ ಇದ್ದು ನೆರವು ಬೇಕಾದ ಪ್ರಯಾಣಿಕರಿಗೆ ಇರುವ ಕೋಡ್ ಡಿಪಿಎನ್‌ಎ. ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ಹೊರಡುವ 48 ಗಂಟೆ ಮೊದಲು ಏರ್‌ಲೈನಿಗೆ ತಿಳಿಸಬೇಕು. ಫೋನ್ ಮಾಡಿ ‘ಸ್ಪೆಷಲ್ ಅಸಿಸ್ಟೆನ್ಸ್ ಬೇಕು’ ಅಂದಷ್ಟಕ್ಕೆ ಬಿಟ್ಟರೆ ಎಡವಟ್ಟಾಗುವುದು ಅಲ್ಲೇ. ಆ ಮಾತು ಕೇಳಿದ ತಕ್ಷಣ ಬಹಳ ಮಂದಿಗೆ ಹೊಳೆಯುವುದು ವೀಲ್‌ಚೇರ್. ನಿಮ್ಮ ಬುಕಿಂಗ್ ದಾಖಲೆಯಾದ ಪಿಎನ್‌ಆರ್‌ನಲ್ಲಿ ವೀಲ್‌ಚೇರಿನ ಕೋಡ್ ಡಬ್ಲ್ಯುಸಿಎಚ್‌ಆರ್ ಅಂತ ಬರೆದುಬಿಟ್ಟರೆ, ನಡೆದಾಡುವ ಮಗುವಿನ ಮುಂದೆ ಗಾಲಿಕುರ್ಚಿ ತಂದು ನಿಲ್ಲಿಸುತ್ತಾರೆ. ನಿಜವಾಗಿ ಬೇಕಿದ್ದ ಸದ್ದಿಲ್ಲದ ಜಾಗ, ಬೇರೆ ಸರದಿ, ಒಂದೆರಡು ನಿಮಿಷದ ಬಿಡುವು ಯಾವುದೂ ಸಿಗುವುದಿಲ್ಲ. ಆದ್ದರಿಂದ ಕೋಡಿನ ಹೆಸರನ್ನೇ ಹೇಳಿ, ‘ಈಗ ಪಿಎನ್‌ಆರ್‌ನಲ್ಲಿ ಏನಿದೆ, ಓದಿ ಹೇಳಿ’ ಎಂದು ಕೇಳಿ. ಅದರ ಜೊತೆ ಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಬರೆಸಿ: ‘ಮಾತಾಡುವುದು ಕಡಿಮೆ, ಮುಟ್ಟುವ ಮೊದಲು ಹೇಳಬೇಕು, ತಾಯಿ ಪಕ್ಕದಲ್ಲೇ ಇರಬೇಕು’. ಇಷ್ಟಿದ್ದರೆ ಚೆಕ್-ಇನ್ ಕೌಂಟರಿನಲ್ಲಿ ಪಟ್ಟಿ ನೋಡಿದವರಿಗೆ ಪರದೆಯ ಮೇಲೂ ಅದೇ ಮಾತು ಕಾಣುತ್ತದೆ. ಎರಡೂ ಕೂಡಿದಾಗ ಸೇವೆಗೆ ನಾಲ್ಕೂವರೆ ಅಂಕ ಧಾರಾಳವಾಗಿ ಕೊಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಇದ್ದರೆ ಅದರ ಫೋಟೊ ಮೊಬೈಲಿನಲ್ಲಿರಲಿ. ಪಟ್ಟಿಗೆ ಕೇಳದಿದ್ದರೂ ಏರ್‌ಲೈನ್ ಕೇಳಬಹುದು.

ಇನ್ನು ಪಟ್ಟಿಯ ವಿಷಯ. ಬಟ್ಟೆಯ ಪಟ್ಟಿ, ಹಿಡಿದೆಳೆದರೆ ಬಿಟ್ಟುಕೊಳ್ಳುವ ಸುರಕ್ಷತೆಯ ಕ್ಲಿಪ್ ಇರುವುದರಿಂದ ಕುತ್ತಿಗೆಗೆ ಉರುಳಾಗುವ ಭಯವಿಲ್ಲ. ಆದರೆ ಸ್ಪರ್ಶವೇ ತೊಂದರೆಯಾಗಿರುವವರಿಗೆ ಕೊರಳ ಹಿಂಭಾಗದಲ್ಲಿ ಸದಾ ಉಜ್ಜುವ ಪಟ್ಟಿ ಹಿಂಸೆ. ಕಾಲರ್ ಇರುವ ಅಂಗಿಯ ಮೇಲೆ ಹಾಕಿ, ಇಲ್ಲವೇ ಮಗುವಿನ ಬ್ಯಾಗಿನ ಭುಜಪಟ್ಟಿಗೆ ಎದೆಯ ಎತ್ತರದಲ್ಲಿ ಸುತ್ತಿ ಕಟ್ಟಿ. ಹೂವಿನ ಭಾಗ ಮುಂದಕ್ಕೆ ಕಾಣುತ್ತಿದ್ದರೆ ಸಾಕು. ಜೊತೆಗೆ ಬರುವ ಅಪ್ಪ ಅಮ್ಮ ಧರಿಸಿದರೂ ನಡೆಯುತ್ತದೆ. ಇದು ಫಾಸ್ಟ್-ಟ್ರ್ಯಾಕ್ ಪಾಸ್ ಅಲ್ಲ ಅನ್ನುವುದು ಮೊದಲೇ ಗೊತ್ತಿರಲಿ. ಪಟ್ಟಿ ಇದೆ ಅಂತ ಸರದಿ ತಾನಾಗಿ ತೆರೆದುಕೊಳ್ಳುವುದಿಲ್ಲ. ಸಿಬ್ಬಂದಿ ‘ಏನು ಸಹಾಯ ಬೇಕು?’ ಎಂದು ಕೇಳಬೇಕು, ನೀವು ಖಚಿತವಾಗಿ ಒಂದನ್ನು ಕೇಳಬೇಕು. ‘ಕ್ಯೂನಲ್ಲಿ ಹಿಂದೆ ಮುಂದೆ ಜನ ಒತ್ತಿಕೊಂಡರೆ ಇವನಿಗೆ ಆಗುವುದಿಲ್ಲ, ಪಕ್ಕದಲ್ಲಿ ನಿಂತು ನಮ್ಮ ಸರದಿ ಬಂದಾಗ ಬರಬಹುದಾ?’ ಎಂದರೆ ಒಪ್ಪುವವರೇ ಹೆಚ್ಚು.

ಇಡೀ ದಾರಿಯಲ್ಲಿ ಅತಿ ಕಷ್ಟದ ಹತ್ತು ಅಡಿ ಭದ್ರತಾ ತಪಾಸಣೆಯದು. ತಪಾಸಣೆಯಿಂದ ಯಾರಿಗೂ ವಿನಾಯಿತಿ ಇಲ್ಲ, ಇರಲೂಬಾರದು. ಆದರೆ ಅಲ್ಲಿ ಒಂದೇ ಸಲಕ್ಕೆ ಮೂರು ಪೆಟ್ಟು ಬೀಳುತ್ತವೆ: ಟ್ರೇಗಳು ರೋಲರ್ ಮೇಲೆ ಧಡಧಡ ಬಡಿಯುವ ಸದ್ದು, ಮೆಟಲ್ ಡಿಟೆಕ್ಟರಿನ ಚೀತ್ಕಾರ, ಅಪರಿಚಿತರ ಕೈ. ಸರಿಯಾಗಿ ಆ ಹೊತ್ತಿಗೇ ಸದ್ದು ತಡೆಯಲು ಕಿವಿಯ ಮೇಲೆ ಹಾಕಿಕೊಂಡ ಇಯರ್‌ಮಫ್ ತೆಗೆಯಬೇಕಾಗುತ್ತದೆ, ಏಕೆಂದರೆ ಅನೇಕ ಇಯರ್‌ಮಫ್‌ಗಳ ತಲೆಪಟ್ಟಿಯೊಳಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಇರುವ ಟ್ರೇಗೆ ಹಾಕಬೇಡಿ. ಆ ಟ್ರೇಯನ್ನು ಮರುತಪಾಸಣೆಗೆ ಪಕ್ಕಕ್ಕೆ ತಳ್ಳಿದರೆ ಇಯರ್‌ಮಫ್ ಕೂಡ ಐದು ಹತ್ತು ನಿಮಿಷ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮಗು ಈಚೆ ಬರಿಗಿವಿಯಲ್ಲಿ ನಿಂತಿರುತ್ತದೆ. ಇಯರ್‌ಮಫ್ ಒಂದನ್ನೇ ಪ್ರತ್ಯೇಕ ಟ್ರೇಯಲ್ಲಿ ಎಲ್ಲಕ್ಕಿಂತ ಮೊದಲು ಕಳಿಸಿ. ಮೊದಲು ಈಚೆ ಬರುವುದೂ ಅದೇ. ನಡುವಿನ ಆ ಎರಡು ನಿಮಿಷಕ್ಕೆ ದೊಡ್ಡ ಮಕ್ಕಳಿಗೆ ಮತ್ತು ವಯಸ್ಕರಿಗೆ ಫೋಮ್ ಇಯರ್‌ಪ್ಲಗ್ ಒಳ್ಳೆಯ ಆಸರೆ: ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆಳೆದು ತೂರಿಸಿ, ಉಬ್ಬಿಕೊಳ್ಳುವ ತನಕ ಮೂವತ್ತು ಸೆಕೆಂಡ್ ಹಿಡಿದಿರಿ. ಬಾಯಿಗೆ ಹಾಕಿಕೊಳ್ಳುವ ಪುಟ್ಟ ಮಕ್ಕಳಿಗೆ ಬೇಡ.

ಬಟ್ಟೆಯೂ ಲೆಕ್ಕಕ್ಕೆ ಬರುತ್ತದೆ. ಜೀನ್ಸಿನ ಲೋಹದ ಗುಂಡಿ, ಬೆಲ್ಟಿನ ಬಕಲ್, ಝಿಪ್ಪಿನ ಮುಂದೆ ಕೈಯ ಡಿಟೆಕ್ಟರ್ ಕಿರುಚುತ್ತದೆ; ಕಿರುಚಿದಲ್ಲೆಲ್ಲ ಕೈ ತಾಗುತ್ತದೆ. ಎಲಾಸ್ಟಿಕ್ ಸೊಂಟದ ಪ್ಯಾಂಟ್, ಗುಂಡಿಯಿಲ್ಲದ ಟೀ ಶರ್ಟ್ ಹಾಕಿಸಿದರೆ ಮುಟ್ಟುವುದು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಜೊತೆಯವರು ಮೊದಲು ಹೋಗಿ, ತಪಾಸಣೆ ಮಾಡಿಸಿಕೊಳ್ಳುವುದನ್ನು ಮಗುವಿಗೆ ಕಾಣಿಸಲಿ. ತಪಾಸಣೆಯ ಸಿಬ್ಬಂದಿಗೆ ಒಂದೇ ಮಾತು: ‘ಸರ್, ಎಲ್ಲಿ ಮುಟ್ಟುತ್ತೀರೋ ಮೊದಲು ಹೇಳಿ ಮುಟ್ಟಿ.’ ತೊಡೆಯ ಮೇಲಿಟ್ಟುಕೊಳ್ಳುವ ಭಾರದ ದಿಂಬು ಒಯ್ಯುವವರು ಗಮನಿಸಿ: ಒಳಗಿನ ಮಣಿಗಳು ಸ್ಕ್ಯಾನರಿನಲ್ಲಿ ದಟ್ಟವಾಗಿ ಕಾಣುವುದರಿಂದ ಬ್ಯಾಗ್ ತೆರೆಸುವ ಸಂಭವ ಹೆಚ್ಚು, ಕೈಚೀಲದ 7 ಕಿಲೋ ಮಿತಿಯಲ್ಲಿ ಅದರ ತೂಕವೂ ಸೇರುತ್ತದೆ.

ಇಯರ್‌ಮಫ್ ಕೊಳ್ಳುವಾಗ ಡಬ್ಬಿಯ ಮೇಲೆ ಎಸ್‌ಎನ್‌ಆರ್ ಅಂಕಿ, ಅಂದರೆ ಸದ್ದು ಎಷ್ಟು ತಗ್ಗುತ್ತದೆ ಅನ್ನುವ ಅಳತೆ ನೋಡಿ. ಮಕ್ಕಳ ಅಳತೆಯ ಪೆಲ್ಟರ್ ಕಿಡ್‌ನಲ್ಲಿ ಅದು 27 ಡೆಸಿಬೆಲ್. ಲ್ಯಾಬಿನ ಈ ಅಂಕಿ ನಿಜವಾದ ಕಿವಿಯ ಮೇಲೆ ಪೂರ್ತಿ ಸಿಗುವುದಿಲ್ಲ. ಕನ್ನಡಕದ ಕಡ್ಡಿ, ದಪ್ಪ ಜಡೆ, ಟೋಪಿಯ ಅಂಚು ಕುಶನ್ ಅಡಿಗೆ ಸಿಕ್ಕಿಕೊಂಡರೆ ಆ ಸಂದಿನಿಂದ ಸದ್ದು ನುಗ್ಗುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ವಿಮಾನದೊಳಗಿನ ಒಂದೇ ಸಮನೆ ಗುಂಯ್‌ಗುಡುವ ಎಂಜಿನ್ ಸದ್ದಿಗೆ ಬಹಳ ಚೆನ್ನ. ಫಕ್ಕನೆ ಬರುವ ಬೀಪ್, ಮಗುವಿನ ಅಳು, ಅನೌನ್ಸ್‌ಮೆಂಟ್ ಎದುರು ಅಷ್ಟಕ್ಕಷ್ಟೆ. ನಿಲ್ದಾಣದೊಳಗೆ ಇಯರ್‌ಮಫ್, ಆಕಾಶದಲ್ಲಿ ಹೆಡ್‌ಫೋನ್.

ಶೌಚಾಲಯದ ಹ್ಯಾಂಡ್ ಡ್ರೈಯರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆನಡಾದ ಶಾಲಾ ಬಾಲಕಿಯೊಬ್ಬಳು ಮಕ್ಕಳ ಕಿವಿಯ ಎತ್ತರದಲ್ಲಿ ಮೀಟರ್ ಹಿಡಿದು ಡ್ರೈಯರ್‌ಗಳ ಸದ್ದು ಅಳೆದು 2019ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದಳು. ಕೆಲವು ಯಂತ್ರಗಳು 100 ಡೆಸಿಬೆಲ್ ದಾಟಿದ್ದವು. ದೊಡ್ಡವರ ಸೊಂಟದ ಎತ್ತರಕ್ಕೆ ಕೂರಿಸಿದ ಯಂತ್ರ ಮಗುವಿನ ಕಿವಿಗೆ ನೇರ ಎದುರು ಬರುತ್ತದೆ. ಇದೊಂದೇ ಕಾರಣಕ್ಕೆ ಗಂಟೆಗಟ್ಟಲೆ ಮೂತ್ರ ತಡೆದುಕೊಳ್ಳುವ ಮಕ್ಕಳಿದ್ದಾರೆ. ಸಾಲು ಸಾಲು ಡ್ರೈಯರ್ ಇರುವ ದೊಡ್ಡ ಶೌಚಾಲಯ ಬಿಟ್ಟು, ಒಬ್ಬರೇ ಬಳಸುವ ಫ್ಯಾಮಿಲಿ ಅಥವಾ ವಿಕಲಚೇತನರ ಶೌಚಾಲಯ ಕೇಳಿ ಹೋಗಿ. ನಿಲ್ದಾಣಗಳು ಅಂಥ ಕಡೆ ಒಂದೊಂದರಲ್ಲಾದರೂ ಡ್ರೈಯರ್ ತೆಗೆದು ಪೇಪರ್ ಇಟ್ಟರೆ, ಲಕ್ಷಗಟ್ಟಲೆ ಖರ್ಚಿನ ಅಲಂಕಾರಕ್ಕಿಂತ ಅದು ಹೆಚ್ಚು ಉಪಕಾರ.

ಬೆಂಗಳೂರಿನ ಟರ್ಮಿನಲ್ 2ರ ಬಿದಿರಿನ ಚಾವಣಿ, ತೂಗುವ ಗಿಡಗಳು, ನೀರು ಬೀಳುವ ಸದ್ದು ಬಹಳ ಜನಕ್ಕೆ ತಂಪೆರೆಯುತ್ತವೆ. ಒಂದೇ ಲಯದ ನೀರಿನ ಸದ್ದು ಸುತ್ತಲಿನ ಗುಜುಗುಜು ಮುಚ್ಚುವುದು ನಿಜ. ಸುಗಂಧದ ಅಂಗಡಿಗಳ ಘಾಟು ಮಾತ್ರ ಬೇರೆ ಸಂಗತಿ. ವಾಸನೆ ತಡೆಯದವರಿಗೆ ಮಾಸ್ಕ್ ಜೇಬಿನಲ್ಲಿರಲಿ. ಸಹಾಯ ಕೌಂಟರಿನಲ್ಲಿ ಪಟ್ಟಿ ತೆಗೆದುಕೊಳ್ಳುವಾಗಲೇ ಕೇಳಿಬಿಡಿ: ಸದ್ದಿಲ್ಲದೆ ಕೂರುವ ಕೋಣೆ ಯಾವುದು, ಭದ್ರತಾ ತಪಾಸಣೆಯ ಈಚೆಗೋ ಆಚೆಗೋ, ನಮ್ಮ ಗೇಟಿನಿಂದ ಎಷ್ಟು ನಿಮಿಷದ ನಡಿಗೆ. ತಪಾಸಣೆಗೆ ಮೊದಲೇ ಸಿಗುವ ಕೋಣೆಯಿಂದ ಅರ್ಧ ಪ್ರಯೋಜನವಷ್ಟೇ. ಜೀವ ಬಳಲುವುದು ತಪಾಸಣೆ ಮುಗಿದ ಮೇಲೆ.

ಒಳ್ಳೆಯ ಕೋಣೆ ಹೇಗಿರಬೇಕು ಅನ್ನುವುದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ನಿಲ್ದಾಣ 2019ರಲ್ಲಿ ತೆರೆದದ್ದನ್ನು ನೋಡಬೇಕು. 1,500 ಚದರಡಿ, ತಗ್ಗಿಸಬಹುದಾದ ಬೆಳಕು, ಒಬ್ಬೊಬ್ಬರೇ ಮುದುಡಿ ಕೂರುವ ಮೂಲೆಗಳು, ಅವುಗಳ ಜೊತೆಗೆ ನಿಜವಾದ ಸೀಟು ಮತ್ತು ಸಾಮಾನಿನ ಗೂಡು ಇರುವ ವಿಮಾನದ ಒಂದು ತುಂಡು. ಕೋಣೆಯ ಬೇಡಿಕೆ ಬಂದದ್ದು ಅದೇ ನಿಲ್ದಾಣದ ನೌಕರರೊಬ್ಬರಿಂದ, ತಮ್ಮ ಆಟಿಸಂ ಇರುವ ಮಗನ ಕಷ್ಟ ಬರೆದ ಪತ್ರದ ಮೂಲಕ. ಬಣ್ಣದ ದೀಪ, ಗುಳ್ಳೆ ಏಳುವ ಕೊಳವೆ ಎಲ್ಲಿ ಬೇಕಾದರೂ ಕೊಂಡು ತರಬಹುದು. ಬೆಲ್ಟ್ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಅಭ್ಯಾಸ ಮಾಡಲು ಒಂದು ಸೀಟು ಇಡಬೇಕೆಂದು ಹೊಳೆಯುವುದು ಆ ಕಷ್ಟ ಬಲ್ಲವರಿಗೆ. ಬಾಸ್ಟನ್ನಿನ ಲೋಗನ್ ನಿಲ್ದಾಣದಲ್ಲಿ 2011ರಲ್ಲಿ ಶುರುವಾದ ‘ವಿಂಗ್ಸ್ ಫಾರ್ ಆಟಿಸಂ’ ಇನ್ನೂ ಮುಂದೆ ಹೋಯಿತು: ಚೆಕ್-ಇನ್, ತಪಾಸಣೆ, ಕಾಯುವುದು, ವಿಮಾನ ಹತ್ತಿ ಕೂರುವುದು, ಎಲ್ಲವನ್ನೂ ಹಾರಾಟವಿಲ್ಲದೆ ಒಮ್ಮೆ ನಡೆಸಿ ತೋರಿಸುತ್ತದೆ. ಸಿಐಎಸ್‌ಎಫ್ ಮತ್ತು ಏರ್‌ಲೈನ್ ಸಿಬ್ಬಂದಿಯೂ ಸೇರಿ ನಮ್ಮಲ್ಲಿ ನಿಯಮಿತವಾಗಿ ಇಂಥದ್ದು ನಡೆದರೆ ಕುಟುಂಬಗಳಿಗಿಂತ ಸಿಬ್ಬಂದಿ ಕಲಿಯುವುದೇ ಹೆಚ್ಚು. ಗುತ್ತಿಗೆ ಕೆಲಸದವರು ಬದಲಾಗುತ್ತಲೇ ಇರುವ ಜಾಗದಲ್ಲಿ ವರ್ಷಕ್ಕೊಂದು ತರಬೇತಿ ಸಾಲದು. ಹೊಸದಾಗಿ ಸೇರಿದವರಿಗೆ ಸೂರ್ಯಕಾಂತಿ ಪಟ್ಟಿ ಬರೀ ಹೂವಿನ ಪಟ್ಟಿ.

ಬೋರ್ಡಿಂಗ್‌ನಲ್ಲಿ ‘ನೀವು ಮೊದಲು ಹತ್ತಿ’ ಎಂದು ಕರೆಯುವುದು ಪ್ರೀತಿಯಿಂದಲೇ. ಆದರೆ ಮೊದಲು ಹತ್ತಿದವರು ಎಲ್ಲರೂ ಬಂದು ಕೂರುವ ತನಕ, ತಲೆಯ ಮೇಲೆ ಸೂಟ್‌ಕೇಸ್ ತುರುಕುವ ಸದ್ದಿನ ನಡುವೆ, ಅರ್ಧ ಗಂಟೆ ಇಕ್ಕಟ್ಟಿನಲ್ಲಿ ಕೂರಬೇಕು. ಇಬ್ಬರು ದೊಡ್ಡವರಿದ್ದರೆ ಒಬ್ಬರು ಸಾಮಾನಿನ ಸಮೇತ ಮೊದಲು ಹತ್ತಿ ಜಾಗ ಮಾಡಲಿ, ಇನ್ನೊಬ್ಬರು ಮಗುವಿನೊಂದಿಗೆ ಕೊನೆಗೆ ಬರಲಿ. ಇದನ್ನು ಗೇಟಿನ ಸಿಬ್ಬಂದಿಗೆ ಮೊದಲೇ ತಿಳಿಸಿಡಿ, ಇಲ್ಲದಿದ್ದರೆ ಗೇಟ್ ಮುಚ್ಚುವ ಹೊತ್ತಿಗೆ ನಿಮ್ಮ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಮುಂದಿನ ಸಾಲಿನ ಕಿಟಕಿ ಸೀಟು ವಾಸಿ, ಹಜಾರದಲ್ಲಿ ಓಡಾಡುವವರ ಮೈ ತಾಗುವುದಿಲ್ಲ.

ಇಳಿದ ಊರಿನಲ್ಲಿ ಲಗೇಜ್ ಬೆಲ್ಟ್ ಹೊರಡುವ ಮುನ್ನ ಅಲಾರಂ ಕೂಗುತ್ತದೆ. ಅಷ್ಟು ದೂರ ಬಂದ ಮೇಲೆ ಇಯರ್‌ಮಫ್ ಬ್ಯಾಗಿನೊಳಗೆ ಸೇರಿಸಿಬಿಡಬೇಡಿ. ವಾಪಸ್ ಪ್ರಯಾಣದ ಡಿಪಿಎನ್‌ಎ ಬೇರೆಯೇ. ಹೋಗುವ ಟಿಕೆಟ್ಟಿಗೆ ಸೇರಿಸಿದ್ದು ಬರುವ ಟಿಕೆಟ್ಟಿಗೂ, ನಡುವೆ ಬದಲಿಸುವ ವಿಮಾನಕ್ಕೂ ಸೇರಿದೆಯೇ ಎಂದು ಒಂದೊಂದೇ ಓದಿಸಿಕೊಳ್ಳಿ. ಪಟ್ಟಿಯನ್ನು ಬ್ಯಾಗಿನ ಹೊರ ಜೇಬಿನಲ್ಲೇ ಇಟ್ಟಿರಿ. ಯೋಜನೆಯಲ್ಲಿರುವ ಬೇರೆ ಯಾವ ನಿಲ್ದಾಣದಲ್ಲಾದರೂ ಅದೇ ಪಟ್ಟಿ ನಡೆಯುತ್ತದೆ.