ಚರ್ಚಿನಲ್ಲಿ ಮಾಡುವ ಪ್ರಸಂಗ (ಬೋಧನೆ): ಪೂರ್ತಿ ಬರೆದುಕೊಳ್ಳುವುದೋ, ಟಿಪ್ಪಣಿ ಸಾಕೋ?

ಎರಡೂ ದಾರಿಯಲ್ಲಿ ದೊಡ್ಡ ಬೋಧಕರು ನಡೆದಿದ್ದಾರೆ. 1741ರಲ್ಲಿ ಅಮೆರಿಕದ ಎನ್‌ಫೀಲ್ಡ್‌ನಲ್ಲಿ ಜೋನಾಥನ್ ಎಡ್ವರ್ಡ್ಸ್ ಮಾಡಿದ ಪ್ರಸಂಗ ಮೊದಲೇ ಬರೆದು ಸಿದ್ಧಪಡಿಸಿದ್ದು. ಜನ ಗೋಳಾಡಿದ್ದರಿಂದ ಅವರು ನಡುವೆ ನಿಲ್ಲಿಸಬೇಕಾಯಿತು. ಲಂಡನ್ನಿನ ಚಾರ್ಲ್ಸ್ ಸ್ಪರ್ಜನ್ ಚಿಕ್ಕ ಟಿಪ್ಪಣಿಯಷ್ಟೇ ಹಿಡಿದು ಮಾತಾಡುತ್ತಿದ್ದರು. ಶೀಘ್ರಲಿಪಿಕಾರರು ಬರೆದುಕೊಂಡದ್ದನ್ನು ಆಮೇಲೆ ತಿದ್ದಿ ಅಚ್ಚಿಗೆ ಕೊಡುತ್ತಿದ್ದರು.

ಬರೆದರೆ ವಿಚಾರ ಬಿಗಿಯಾಗುತ್ತದೆ, ಸಮಯ ಕೈಮೀರುವುದಿಲ್ಲ. ಸಾವಿನ ಮನೆಯ ಆರಾಧನೆಗೆ ಇದೇ ಸರಿ. ಅಲ್ಲಿ ಆಡಿದ ಒಂದು ಒರಟು ಮಾತು ವರ್ಷಗಟ್ಟಲೆ ನೋಯಿಸುತ್ತದೆ. ಆದರೆ ಬರೆಯಲು ಕೂತೊಡನೆ ನಮ್ಮ ಕನ್ನಡ ಗ್ರಾಂಥಿಕವಾಗುತ್ತದೆ, ವಾಕ್ಯ ಉದ್ದವಾಗುತ್ತದೆ. ಬೈಬಲಿನ ಲೂಕ 15ರಲ್ಲಿ, ಮನೆ ಬಿಟ್ಟುಹೋಗಿ ಮರಳಿ ಬರುತ್ತಿದ್ದ ಮಗನನ್ನು ದೂರದಿಂದಲೇ ಕಂಡು ಓಡಿಬಂದ ತಂದೆಯನ್ನು ಹಾಳೆ ನೋಡುತ್ತಾ ವರ್ಣಿಸಿದರೆ, ಕೊನೆಯ ಬೆಂಚಿನ ಅಜ್ಜಿಗೆ ಆ ಓಟ ಕಾಣುವುದಿಲ್ಲ.

ಟಿಪ್ಪಣಿಯಾದರೆ ಸಭೆಯ ಮುಖ ನೋಡಬಹುದು, ಅರ್ಥವಾಗದ್ದನ್ನು ಅಲ್ಲೇ ಬಿಡಿಸಿ ಹೇಳಬಹುದು. ಅಪಾಯವೆಂದರೆ ಹೇಳಿದ್ದನ್ನೇ ಹೇಳುವುದು. ಅದಕ್ಕಿಂತ ಕೆಟ್ಟದ್ದು, ತಯಾರಿ ಮಾಡದೆ ಬಂದು ಅದನ್ನು ಪವಿತ್ರಾತ್ಮನ ನಡೆಸುವಿಕೆ ಎನ್ನುವುದು.

ಹೊಸಬರಿಗೆ ನನ್ನ ಸಲಹೆ: ಪೂರ್ತಿ ಬರೆಯಿರಿ, ಮನೆಯಲ್ಲಿ ಗಟ್ಟಿಯಾಗಿ ಓದಿ, ನಾಲಿಗೆಗೆ ತೊಡರುವ ವಾಕ್ಯ ಹೊಡೆದುಹಾಕಿ. ಪ್ರಸಂಗಪೀಠಕ್ಕೆ ಮಾತ್ರ ಒಂದೇ ಪುಟದ ಟಿಪ್ಪಣಿ ಒಯ್ಯಿರಿ, ಮುಕ್ತಾಯದ ನಾಲ್ಕು ಸಾಲನ್ನು ಅದರಲ್ಲಿ ಅಕ್ಷರಶಃ ಬರೆದಿಟ್ಟುಕೊಳ್ಳಿ.