ಕಾಲೇಜು ಲೈಬ್ರರಿಗೆ ಇ-ಬುಕ್: ಬಾಡಿಗೆಗೆ ತಗೊಳ್ಳೋದಾ, ಕೊಂಡುಬಿಡೋದಾ?

ವೆಂಡರ್‌ಗಳು ಬಂದು ಕೂತರೆ ಮೊದಲು ಹೇಳುವುದು ಟೈಟಲ್ ಲೆಕ್ಕ. ಲಕ್ಷ ಪುಸ್ತಕ, ಎರಡು ಲಕ್ಷ ಪುಸ್ತಕ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲಿನಲ್ಲಿ ಆ ಅಂಕಿ ಚೆನ್ನಾಗಿ ಕಾಣುತ್ತದೆ, ಸರಿ. ಆದರೆ ಅನುದಾನಿತ ಪದವಿ ಕಾಲೇಜಿನ ಲೈಬ್ರರಿ ನೋಡಿಕೊಳ್ಳುವ ನನಗೆ ಬೇಕಾದ ಉತ್ತರ ಎರಡೇ. ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಪುಸ್ತಕವನ್ನು ಎಷ್ಟು ಮಕ್ಕಳು ಒಟ್ಟಿಗೆ ತೆರೆಯಬಹುದು? ಮುಂದಿನ ವರ್ಷ ದುಡ್ಡು ಕಟ್ಟದಿದ್ದರೆ ನಮ್ಮ ಹತ್ತಿರ ಏನು ಉಳಿಯುತ್ತದೆ?

ಅಗ್ಗದ್ದು ಯಾವುದು ಅಂದರೆ ಕಾಲೇಜುಗಳಿಗೆ ಇ-ಬುಕ್ ಒದಗಿಸಲು ಯುಜಿಸಿಯ ಕೇಂದ್ರವಾದ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮಂಥ ಕಾಲೇಜಿಗೆ ಜಿಎಸ್‌ಟಿ ಸೇರಿ ವರ್ಷಕ್ಕೆ 5,900 ರೂಪಾಯಿ, ಅದಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಇ-ಬುಕ್. ಒಬ್ಬೊಬ್ಬರಿಗೂ ಬೇರೆ ಐಡಿ ಕೊಡುವುದರಿಂದ ಮನೆಯಿಂದಲೂ ಓದಬಹುದು. ಎಂ.ಎ. ಮಕ್ಕಳು, ಪಿಎಚ್‌.ಡಿ. ಮಾಡುತ್ತಿರುವ ಮೇಷ್ಟ್ರುಗಳಿಗೆ ಇದು ನಿಜಕ್ಕೂ ಉಪಯೋಗ. ಬಿ.ಎ., ಬಿ.ಕಾಂ. ಸಿಲಬಸ್ಸಿನ ಪಠ್ಯಪುಸ್ತಕ ಹುಡುಕಿಕೊಂಡು ಬಂದವರಿಗೆ ಮಾತ್ರ ಸಿಗುವುದು ಕಡಿಮೆ. ಕನ್ನಡ ಮಾಧ್ಯಮದವರ ಕಥೆ ಹೇಳುವುದೇ ಬೇಡ.

ಇನ್ನು ಖಾಸಗಿ ವೆಂಡರ್‌ಗಳ ವಾರ್ಷಿಕ ಪ್ಯಾಕೇಜ್. ಒಂದನ್ನು ತಗೊಂಡು ನೋಡಿದೆವು. ಒಟ್ಟಿಗೆ ಎಷ್ಟು ಜನ ಬೇಕಾದರೂ ಓದಬಹುದಿತ್ತು, ಅದು ಚೆನ್ನಾಗಿತ್ತು. ಕಷ್ಟ ಶುರುವಾಗಿದ್ದು ನಿರ್ವಹಣೆಯಲ್ಲಿ. ಪ್ರಕಾಶಕರು ಮಧ್ಯದಲ್ಲೇ ಪುಸ್ತಕ ವಾಪಸ್ ತಗೊಳ್ಳುತ್ತಾರೆ, ಅದು ಅವರ ಹಕ್ಕು, ಒಪ್ಪಂದದಲ್ಲೇ ಇರುತ್ತದೆ. ಆದರೆ ನಾವು ಲೈಬ್ರರಿಯ ಸಾಫ್ಟ್‌ವೇರ್ ಆದ ಕೋಹಾಗೆ ಏರಿಸಿದ ಮಾರ್ಕ್ ರೆಕಾರ್ಡ್, ಅಂದರೆ ಪುಸ್ತಕದ ವಿವರ, ಹಾಗೇ ಉಳಿಯುತ್ತದೆ, ಹುಡುಗಿಯೊಬ್ಬಳು ಲೈಬ್ರರಿಯ ಆನ್‌ಲೈನ್ ಪಟ್ಟಿಯಾದ ಒಪ್ಯಾಕ್‌ನಲ್ಲಿ ಹುಡುಕಿ ಲಿಂಕ್ ಒತ್ತುತ್ತಾಳೆ, ಪುಸ್ತಕವಿಲ್ಲ, ಬೈಗುಳ ಲೈಬ್ರರಿಗೆ. ತೆಗೆದ ಪುಸ್ತಕಗಳ ಪಟ್ಟಿ ಕೊಡಿ ಎಂದು ಬೆನ್ನು ಹತ್ತಿದರೂ ಅದು ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಚಂದಾ ನಿಲ್ಲಿಸಿದ ದಿನ ಎಲ್ಲವೂ ಹೋಯಿತು, ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ.

ಹಾಗಾದರೆ ಬಿಡಿಬಿಡಿಯಾಗಿ ಕೊಂಡುಬಿಡೋಣ ಅಂದರೆ ಅಲ್ಲಿ ಒಟ್ಟಿಗೆ ಎಷ್ಟು ಜನ ಓದಬಹುದು ಅನ್ನುವ ಲೆಕ್ಕದಲ್ಲಿ ಮೂರು ಥರದ ಲೈಸೆನ್ಸ್: ಒಬ್ಬರಿಗೆ, ಮೂವರಿಗೆ, ಎಷ್ಟು ಜನಕ್ಕಾದರೂ. ಒಬ್ಬರ ಲೈಸೆನ್ಸ್ ನನ್ನ ಪ್ರಕಾರ ದಂಡ. ನಾವು ತರಿಸಿದ ಪುಸ್ತಕಗಳಲ್ಲಿ ಮುದ್ರಿತ ಪ್ರತಿಗಿಂತ ಅದರದೇ ಬೆಲೆ ಜಾಸ್ತಿ ಇತ್ತು. ಮೇಲೆ ತೆರಿಗೆ ಬೇರೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕದ ಇ-ಪ್ರತಿಗೆ 5%, ಅಚ್ಚಿನ ಪ್ರತಿಯೇ ಇಲ್ಲದ ಇ-ಬುಕ್‌ಗೆ 18%. ಇಷ್ಟೆಲ್ಲ ಕೊಟ್ಟ ಮೇಲೂ ಡೌನ್‌ಲೋಡ್ ಮಾಡಲು ಅಡೋಬಿ ಡಿಜಿಟಲ್ ಎಡಿಷನ್ಸ್ ಅನ್ನುವ ಆ್ಯಪ್ ಹಾಕಿಕೊಳ್ಳಬೇಕು, ಕೆಲವು ದಿನಕ್ಕೆ ಫೈಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಫೋನಿನಲ್ಲೇ ಓದುವ ಮಕ್ಕಳು ಇದನ್ನೆಲ್ಲ ಮಾಡುತ್ತಾರಾ? ಇ-ಬುಕ್ ಬಳಕೆಯ ಲೆಕ್ಕ ಕೊಡುವ ಕೌಂಟರ್ ವರದಿಯಲ್ಲಿ, ಪುಸ್ತಕ ತೆರೆಯದೆ ಬಾಗಿಲು ಬಡಿದು ವಾಪಸ್ ಹೋದವರ ಲೆಕ್ಕವೂ ಇರುತ್ತದೆ. ಒಬ್ಬರ ಲೈಸೆನ್ಸಿನ ಪುಸ್ತಕಗಳಿಗೆ ಆ ಕಾಲಂ ನೋಡಿ, ಪರೀಕ್ಷೆ ತಿಂಗಳಲ್ಲಿ ತುಂಬಿಹೋಗಿರುತ್ತದೆ.

ಪ್ರಕಾಶಕರಿಂದಲೇ ನೇರವಾಗಿ ಕೊಳ್ಳುವುದು ಬೇರೆಯೇ ಅನುಭವ. ಸ್ಪ್ರಿಂಗರ್‌ನದು ಇದಕ್ಕೆ ಒಳ್ಳೆಯ ಉದಾಹರಣೆ: ಅಧ್ಯಾಯವಾರು ಪಿಡಿಎಫ್, ಫೈಲಿಗೆ ಬೀಗ ಇಲ್ಲ, ಓದುಗರಿಗೆ ಮಿತಿ ಇಲ್ಲ, ಕೊಂಡಿದ್ದು ಕೊಂಡಂತೆಯೇ. ಒಮ್ಮೆ ಬಂದ ಅನುದಾನದಲ್ಲಿ ಸಣ್ಣದೊಂದು ಸಂಗ್ರಹ ತಗೊಂಡೆವು, ಇವತ್ತಿಗೂ ದೂರಿಲ್ಲ. ತೊಂದರೆ ಏನೆಂದರೆ ವಿಷಯ ಮತ್ತು ವರ್ಷದ ಲೆಕ್ಕದಲ್ಲಿ ಗಂಟು ಕಟ್ಟಿ ಮಾರುತ್ತಾರೆ. ನಮಗೆ ಬೇಡದ್ದೂ ಬರುತ್ತದೆ, ಬೆಲೆ ಸಣ್ಣ ಕಾಲೇಜಿನ ಕೈಗೆ ಎಟುಕುವುದು ಅಪರೂಪ.

ಓದಿದರೆ ಮಾತ್ರ ಖರೀದಿ ಅನ್ನುವ ಡಿಡಿಎ ಕೇಳಲು ಬಹಳ ಜಾಣತನದ್ದು. ಸಾವಿರಾರು ಪುಸ್ತಕ ಒಪ್ಯಾಕ್‌ನಲ್ಲಿ ಕಾಣುತ್ತವೆ, ಯಾರಾದರೂ ಇಷ್ಟು ನಿಮಿಷ ಓದಿದರೆ ಅಥವಾ ಡೌನ್‌ಲೋಡ್ ಒತ್ತಿದರೆ ನಮ್ಮ ಠೇವಣಿಯಿಂದ ದುಡ್ಡು ಕಳೆಯುತ್ತದೆ. ಪ್ರಾಜೆಕ್ಟ್ ಸಮಯದಲ್ಲಿ ಠೇವಣಿ ನೋಡನೋಡುತ್ತಲೇ ಖಾಲಿ! ಆಡಿಟ್‌ನವರು ಬಂದು ‘ಈ ಪುಸ್ತಕಕ್ಕೆ ಪರ್ಚೇಸ್ ಆರ್ಡರ್ ಎಲ್ಲಿ, ಕಮಿಟಿ ಒಪ್ಪಿಗೆ ಎಲ್ಲಿ’ ಅಂದರು. ದೊಡ್ಡ ಬಜೆಟ್ಟಿನ ವಿಶ್ವವಿದ್ಯಾಲಯಕ್ಕೆ ಸರಿ, ನಮಗಲ್ಲ. ವರ್ಷವಿಡೀ ಎಲ್ಲ ತೆರೆದಿಟ್ಟು, ಕೊನೆಗೆ ಬಳಕೆ ನೋಡಿ ಆರಿಸಿಕೊಳ್ಳುವ ಇಬಿಎ ಅದಕ್ಕಿಂತ ವಾಸಿ ಅನ್ನಿಸಿತು, ಆದರೆ ಕೇಳಿದ ಕನಿಷ್ಠ ಮೊತ್ತ ನೋಡಿಯೇ ಕೈಬಿಟ್ಟೆವು.

ಕೊಳ್ಳುವ ದಾರಿ ದಿನೇ ದಿನೇ ಕಿರಿದಾಗುತ್ತಿದೆ ಅನ್ನುವುದೂ ನಿಜ. ಲೈಬ್ರರಿಗಳಿಗೆ ಇ-ಬುಕ್ ಮಾರುವ ಪ್ರೊಕ್ವೆಸ್ಟ್‌ನ ಒಡೆಯ ಕ್ಲಾರಿವೇಟ್ ಕಂಪನಿ 2025ರ ಫೆಬ್ರುವರಿಯಲ್ಲಿ, ಒಮ್ಮೆ ದುಡ್ಡು ಕೊಟ್ಟು ಇ-ಬುಕ್ ಕೊಳ್ಳುವ ಪದ್ಧತಿ ನಿಲ್ಲಿಸಿ ಚಂದಾಗೆ ಹೋಗುತ್ತೇವೆ ಎಂದಿತು. ಲೈಬ್ರರಿಯನ್ನರು ಗಲಾಟೆ ಮಾಡಿದ ಮೇಲೆ ಗಡುವನ್ನು 2026ರ ಜೂನ್‌ಗೆ ತಳ್ಳಿದರು, ಅಷ್ಟೇ. 2025ರ ಜನವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ ಇರುವುದು ಜರ್ನಲ್‌ಗಳಿಗೆ. ಪುಸ್ತಕದ ಚಿಂತೆ ನಮ್ಮ ತಲೆ ಮೇಲೆಯೇ.

ಸದ್ಯ ನಮ್ಮಲ್ಲಿ ಎನ್-ಲಿಸ್ಟ್ ಮುಂದುವರಿದಿದೆ, ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ಪುಸ್ತಕಗಳ ಆನ್‌ಲೈನ್ ಪಟ್ಟಿಯಾದ ಡಿಒಎಬಿಯ ರೆಕಾರ್ಡ್ ಕೋಹಾಗೆ ಸೇರಿಸುತ್ತಿದ್ದೇವೆ, ಪಠ್ಯಪುಸ್ತಕ ಮಾತ್ರ ಅಚ್ಚಿನಲ್ಲೇ ಹೆಚ್ಚು ಪ್ರತಿ. ದುಡ್ಡು ಕೊಟ್ಟು ಕೊಳ್ಳುವುದಾದರೆ ಮಿತಿಯಿಲ್ಲದ ಲೈಸೆನ್ಸ್, ಇಲ್ಲವಾದರೆ ಬೇಡ. ಒಟ್ಟಿಗೆ ಎಷ್ಟು ಜನ, ನಿಲ್ಲಿಸಿದರೆ ಏನು ಉಳಿಯುತ್ತದೆ, ತೆಗೆದ ಪುಸ್ತಕಗಳ ಪಟ್ಟಿ ಪ್ರತಿ ತಿಂಗಳು ಬರುತ್ತದಾ, ಇವಕ್ಕೆ ವೆಂಡರ್ ಬರಹದಲ್ಲಿ ಉತ್ತರ ಕೊಡದಿದ್ದರೆ ಕೊಟೇಶನ್ ಕಮಿಟಿ ಮುಂದೆ ಹೋಗುವುದೇ ಇಲ್ಲ.